ಮೇಷ್ಟ್ರ ಕಾರಿನ ಮಿಸ್ಸಿಂಗು

ಮೇಷ್ಟ್ರ ಕಾರಿನ ಮಿಸ್ಸಿಂಗ್, ಅದೇ ಎಂಜಿನ್ನಿನ ಸಿಲಿಂಡರ್ ಹೊತ್ತಿಕೊಳ್ಳದೆ ತಪ್ಪಿಹೋಗೋ ಕಾಯಿಲೆ, ಕಡೆಗೂ ಹೋಯ್ತು, ನಿಮಗೂ ಸುದ್ದಿ ಮುಟ್ಟಿರಬೇಕಲ್ಲ? ಮುಟ್ಟದೆ ಎಲ್ಲಿ ಹೋಗುತ್ತೆ, ಇಡೀ ಬೀದಿ ಹಂಚಿಕೊಂಡ ತಲೆನೋವು ಅದು. ನಿಂತಲ್ಲಿ ಸುಮ್ಮನೆ ಸ್ಟಾರ್ಟ್ ಮಾಡಿಟ್ಟರೆ ಗಾಡಿ ಉಸಿರು ಕೂಡ ಕೇಳಿಸದ ಹಾಗೆ ಓಡುತ್ತಿತ್ತು. ದೇವಸ್ಥಾನದ ಹತ್ತಿರ ಏರು ಇದೆ ನೋಡಿ, ಅಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತುಳಿದರೆ ಸಾಕು, ಮೈಯೆಲ್ಲ ನಡುಗಿಸಿಕೊಂಡು ಜರ್ಕ್ ಹೊಡೆಯೋದು. ನಾನು ಅಂಗಳದಲ್ಲಿ ನಿಂತೇ ಹೇಳುತ್ತಿದ್ದೆ, ಮೇಷ್ಟ್ರು ಪೇಟೆಗೆ ಹೊರಟರು ಅಂತ. ಸ್ವಲ್ಪ ಆ ದಾಸವಾಳದ ಕೊಂಬೆ ಸರಿಸಿ, ನಿಮ್ಮ ಮುಖ ಕಾಣಲಿ. ಹಾಂ, ಈಗ ಸರಿ.

ಇಂಥ ಕಾಯಿಲೆಗೆ ಔಷಧಿ ಹೇಳೋರಿಗೆ ನಮ್ಮ ತೀರ್ಥಹಳ್ಳಿಯಲ್ಲಿ ಏನು ಬರ? ಹಾಲಿನ ಬೂತಿನವರು ಪೆಟ್ರೋಲ್ ಕಲಬೆರಕೆ ಅಂದರು. ಬ್ಯಾಂಕಿನವರು ಎಥನಾಲ್ ಅಂದರು. ಎಥನಾಲ್ ಮಾತು ಪೂರ್ತಿ ಗಾಳಿಮಾತಲ್ಲ ಅನ್ನಿ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಅಲ್ವಾ ಪ್ರಧಾನಿ ಶೇಕಡಾ 20ರ ಎಥನಾಲ್ ಪೆಟ್ರೋಲಿಗೆ ಚಾಲನೆ ಕೊಟ್ಟಿದ್ದು. ಎಥನಾಲಿಗೆ ನೀರು ಎಳೆದುಕೊಳ್ಳುವ ಗುಣ ಇರೋದೂ ನಿಜ. ಟ್ಯಾಂಕಿನಲ್ಲಿ ನೀರು ಜಾಸ್ತಿಯಾದರೆ ಎರಡೂ ಸೇರಿಕೊಂಡು ತಳಕ್ಕೆ ಇಳಿಯುತ್ತವೆ, ಆಗ ಗಾಡಿ ಮಿಸ್ ಆಗುತ್ತೆ. ಆದರೆ ಒಂದು ಮಾತು ಯೋಚನೆ ಮಾಡಿ. ಪೆಟ್ರೋಲ್ ಕೆಟ್ಟಿದ್ದರೆ ನಾಲ್ಕೂ ಸಿಲಿಂಡರಿಗೆ ಹೋಗೋದು ಅದೇ ಪೆಟ್ರೋಲ್ ತಾನೆ? ಮೇಷ್ಟ್ರ ಕಾರಿನಲ್ಲಿ ಹಟ ಹಿಡಿದು ಕೂತಿದ್ದು ಮೂರನೇದು ಒಂದೇ. ಒಂದೇ ಸಿಲಿಂಡರ್ ಕೈಕೊಡುತ್ತಿದೆ ಅಂದರೆ ಆ ಸಿಲಿಂಡರಿಗೆ ಮಾತ್ರ ಸೇರಿದ್ದು ಏನೇನಿದೆ ಅಂತ ಹುಡುಕಬೇಕು. ಅದರ ಪ್ಲಗ್ಗು, ಪ್ಲಗ್ಗಿಗೆ ಕರೆಂಟು ಕೊಡೋ ಅದರ ಕಾಯಿಲ್ಲು, ಅದರ ಇಂಜೆಕ್ಟರು, ಅದರ ವಾಲ್ವು, ಅದರ ವೈರು. ಊರಿಗೆಲ್ಲ ಸೇರಿದ ಟ್ಯಾಂಕನ್ನ ಬೈದು ಏನು ಬಂತು?

ನನಗೆ ಮಿಸ್ಸಿಂಗ್ ಸದ್ದು ಕಿವಿಗೆ ಕೂತಿದ್ದು ಚಿಕ್ಕಪ್ಪನ ಮಾರುತಿ 800ರಿಂದ. 1983ರ ಡಿಸೆಂಬರ್ 14ಕ್ಕೆ ದೆಹಲಿಯಲ್ಲಿ ಮೊದಲ ಗಾಡಿಯ ಕೀಲಿಕೈ ಕೊಟ್ಟರಲ್ಲ, ಆ ವಂಶದ್ದೇ. ಚಿಕ್ಕಪ್ಪನದು ಕಾರ್ಬೊರೇಟರ್ ಇದ್ದದ್ದು, ಬಿಳೀದು, 796 ಸಿಸಿ, ಮೂರು ಸಿಲಿಂಡರು. ಮೂರರಲ್ಲಿ ಒಂದು ಮಲಗಿಬಿಟ್ಟರೆ ಶಕ್ತಿಯಲ್ಲಿ ಮೂರನೇ ಒಂದು ಪಾಲು ಹೋದ ಹಾಗೇ. ಉಳಿದೆರಡು ಕುಂಟುತ್ತಾ ಎಳೆಯೋವು. ಒಳಗೆ ಕೂತವರ ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ಚಿಕ್ಕಮ್ಮ ತೊಡೆ ಮೇಲಿನ ಹೂವಿನ ಬುಟ್ಟಿಯನ್ನ ಎರಡೂ ಕೈಯಲ್ಲಿ ಅವಚಿಕೊಂಡು, "ಇವತ್ತು ಎರಡರಲ್ಲೇ ಹೋಗ್ತಿದೆ ಅಲ್ವಾ?" ಅಂತ ಕೇಳೋರು. ಮೆಕ್ಯಾನಿಕ್ ಹೇಳೋದಕ್ಕೆ ಮುಂಚೆ ಚಿಕ್ಕಮ್ಮನಿಗೆ ಗೊತ್ತಾಗುತ್ತಿತ್ತು.

ಮೆಕ್ಯಾನಿಕ್ ಅಂದರೆ ನಮಗೆ ಸಾಹೇಬ್ರು ಒಬ್ಬರೇ. ಅವರು ಬಾನೆಟ್ ಎತ್ತಿದ ಕೂಡಲೇ ಯಾವುದಕ್ಕೂ ಸ್ಪ್ಯಾನರ್ ಹಾಕುತ್ತಿರಲಿಲ್ಲ. ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಮೊದಲನೇ ಪ್ಲಗ್ಗಿನ ವೈರ್ ತೆಗೆಯೋರು. ಎಂಜಿನ್ ಇನ್ನಷ್ಟು ಒದ್ದಾಡಿತಾ? ಹಾಗಾದರೆ ಅದು ದುಡಿಯುತ್ತಿರೋ ಸಿಲಿಂಡರ್, ವೈರ್ ವಾಪಸ್. ಎರಡನೇದು ತೆಗೆದರು, ಮತ್ತೆ ಒದ್ದಾಟ. ಮೂರನೇದು ತೆಗೆದರು, ಏನೂ ವ್ಯತ್ಯಾಸವೇ ಇಲ್ಲ! ಇದ್ದರೂ ಅಷ್ಟೇ, ತೆಗೆದರೂ ಅಷ್ಟೇ. ಕಳ್ಳ ಸಿಕ್ಕಿದ. ಇಷ್ಟಕ್ಕೆ ಎರಡು ನಿಮಿಷ ಸಾಕಾಗುತ್ತಿತ್ತು, ಒಂದು ಪೈಸೆ ಖರ್ಚಿಲ್ಲ. ಒಣ ಬಟ್ಟೆ ಮಡಿಸಿ ಹಿಡಿದು, ಇಲ್ಲವೇ ಹಿಡಿಗೆ ದಪ್ಪ ರಬ್ಬರ್ ಇರುವ ಇಕ್ಕಳದಲ್ಲಿ ಎಳೆಯೋರು. ನಮ್ಮನ್ನೆಲ್ಲ ದೂರ ನಿಲ್ಲಿಸೋರು. ಅಲ್ಲಿ ಓಡೋದು ಸಾವಿರಾರು ವೋಲ್ಟು ನೋಡಿ. ಈಗಿನ ಗಾಡಿಗಳಲ್ಲಂತೂ ಅದು ಇಪ್ಪತ್ತು ಮೂವತ್ತು ಸಾವಿರ ದಾಟುತ್ತೆ. ಹೀಗೆ ಓಡೋ ಎಂಜಿನ್ನಿನ ವೈರ್ ಕಿತ್ತರೆ ಕೈಗೂ ಪೆಟ್ಟು, ಕಾಯಿಲಿಗೂ ಪೆಟ್ಟು. ಈಗಿನದರಲ್ಲಿ ಸ್ಕ್ಯಾನರ್ ಹಾಕಿ ಒಂದೊಂದೇ ಇಂಜೆಕ್ಟರನ್ನ ಬಂದ್ ಮಾಡಿ ನೋಡ್ತಾರೆ. ಉಪಾಯ ಅದೇ ಸಾಹೇಬ್ರದ್ದು, ಇಕ್ಕಳ ಮಾತ್ರ ಬೇರೆ.

ಮಳೆಗಾಲದಲ್ಲಿ ಇನ್ನೊಂದು ಮಾಡೋರು. ಕತ್ತಲಾಗೋವರೆಗೂ ಕಾಯಿರಿ ಅಂತ ಚಿಕ್ಕಪ್ಪನನ್ನ ಕೂರಿಸಿ ಚಹಾ ಕುಡಿಸಿ, ಆಮೇಲೆ ಶೆಡ್ಡಿನ ದೀಪ ಆರಿಸಿ ಎಂಜಿನ್ ಓಡಿಸೋರು. ವೈರಿನ ಮೇಲೆ ಎಲ್ಲಿ ಬಿರುಕಿದೆಯೋ ಅಲ್ಲಿಂದ ನೀಲಿ ಕಿಡಿ ಚಟ್ ಚಟ್ ಅಂತ ಪಕ್ಕದ ಕಬ್ಬಿಣಕ್ಕೆ ಹಾರೋದು. ಹಗಲಿನಲ್ಲಿ ಅದು ಕಾಣೋದೇ ಇಲ್ಲ. ಆಗುಂಬೆ ಕಡೆಯ ತೇವ ಅಂದರೆ ಕೇಳಬೇಕಾ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯೋ ಜಾಗ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ತೇವ ಕಟ್ಟಿತು ಅಂದರೆ ಕರೆಂಟು ಪ್ಲಗ್ಗಿಗೆ ಹೋಗೋ ಬದಲು ಕ್ಯಾಪಿನ ಗೋಡೆ ಹಿಡಿದು ಇಳಿದುಬಿಡೋದು. ಹಾಗೆ ಒಂದು ಸಲ ಇಳಿದ ದಾರಿ ಸುಟ್ಟು ಇದ್ದಿಲ ಗೆರೆ ಆಗುತ್ತೆ. ಇದ್ದಿಲು ಕರೆಂಟಿಗೆ ದಾರಿ ಕೊಡುತ್ತಲ್ಲ, ಅಲ್ಲಿಂದಾಚೆ ಬಿಸಿಲು ಬಂದರೂ ಕರೆಂಟು ಆ ಗೆರೆ ಬಿಡೋದಿಲ್ಲ. ಈ ಗೆರೆಯ ಮಾತು ನೆನಪಿಟ್ಟುಕೊಳ್ಳಿ, ಮೇಷ್ಟ್ರ ಕಾರಿಗೂ ಅದಕ್ಕೂ ನಂಟಿದೆ.

ಪ್ಲಗ್ ಬಿಚ್ಚಿದರೆ ಸಾಹೇಬ್ರು ಹಳೇ ಪೇಪರಿನ ಮೇಲೆ ಒಂದು, ಎರಡು, ಮೂರು ಅಂತ ಸಾಲಾಗಿ ಇಡೋರು. ಆ ಸಾಲು ಅದಲುಬದಲು ಆದರೆ ಅವರಿಗೆ ಸಿಟ್ಟು ಬರೋದು. ತುದಿ ತೆಳು ಕಂದು ಬಣ್ಣಕ್ಕಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಜಿಡ್ಡು ಕಪ್ಪಾಗಿದ್ದರೆ ಎಂಜಿನ್ ಆಯಿಲ್ ಮೇಲೆ ಹತ್ತಿದೆ, ರಿಂಗೋ ವಾಲ್ವ್ ಸೀಲೋ ಸವೆದಿದೆ. ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಕಿಡಿಯೇ ಬಂದಿಲ್ಲ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ವಿಪರೀತ ಕಾದಿದೆ. ಇನ್ನೊಂದಿದೆ: ಒಂದು ಪ್ಲಗ್ ಮಾತ್ರ ತೊಳೆದಿಟ್ಟ ಹಾಗೆ ಶುಭ್ರವಾಗಿದ್ದು, ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ ಮಿಸ್ ಆಗಿ, ಸೈಲೆನ್ಸರಿನಲ್ಲಿ ಬಿಳೀ ಹೊಗೆ ಬಂದು, ರೇಡಿಯೇಟರ್ ನೀರು ತಾನಾಗೇ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ರಾತ್ರಿಯೆಲ್ಲ ನೀರು ಹನಿಹನಿಯಾಗಿ ಸಿಲಿಂಡರ್ ಒಳಗೆ ಇಳಿದಿರುತ್ತೆ.

ಆ ಪ್ಲಗ್ಗುಗಳೆಲ್ಲ ಬಹುಪಾಲು ಮೈಕೋದವು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಯಾರಿಗೆ ಗೊತ್ತಿಲ್ಲ ಹೇಳಿ. 1951ರಲ್ಲಿ ಶುರುವಾದ ಕಂಪನಿ ಅದು, 2008ರಲ್ಲಿ ಹೆಸರು ಬಾಷ್ ಅಂತಾಯಿತು, ಮೈಕೋ ಲೇಔಟಿನ ಹೆಸರು ಮಾತ್ರ ಹಾಗೇ ಉಳೀತು. ನಮ್ಮ ಕಡೆ ಸ್ಕೂಟರ್ ಇದ್ದವರ ಡಿಕ್ಕಿಯಲ್ಲಿ ಒಂದು ಮೈಕೋ ಪ್ಲಗ್ಗು, ಒಂದು ಪ್ಲಗ್ ಸ್ಪ್ಯಾನರು, ಒಂದು ತುಂಡು ಉಪ್ಪುಕಾಗದ ಇಲ್ಲದೆ ಇರುತ್ತಿರಲಿಲ್ಲ. ಆಗಿನ ಚೇತಕ್ ಸ್ಕೂಟರ್ ಟೂ-ಸ್ಟ್ರೋಕ್ ಅಲ್ವಾ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕೋದು. ಆಯಿಲ್ ಸ್ವಲ್ಪ ಕೈಮೀರಿತು ಅಂದರೆ ಪ್ಲಗ್ಗಿನ ಎರಡು ತುದಿ ನಡುವೆ ಕೂದಲೆಳೆಯಷ್ಟು ಮಸಿ ಸೇತುವೆ ಕಟ್ಟಿ ಕಿಡಿಯೇ ನಿಂತುಹೋಗೋದು. ರಸ್ತೆ ಬದಿ ಸ್ಕೂಟರ್ ಓರೆ ಮಾಡಿ, ಪ್ಲಗ್ ಬಿಚ್ಚಿ, ಉಜ್ಜಿ, ಉಫ್ ಅಂತ ಊದಿ, ತುದಿಯ ಸಂದಿಗೆ ಹ್ಯಾಕ್ಸಾ ಬ್ಲೇಡಿನ ತುಂಡು ತೂರಿಸಿ ನೋಡೋರು. ಆ ಬ್ಲೇಡಿನ ದಪ್ಪ ಮಿಲಿಮೀಟರಿನ ಹತ್ತರಲ್ಲಿ ಆರು ಪಾಲಿನ ಆಸುಪಾಸು ಇರೋದರಿಂದ ಅಳತೆ ಸರಿಯಾಗೇ ಕೂರೋದು. ಇಸ್ತ್ರಿ ಅಂಗಿ ಹಾಕಿಕೊಂಡು ಮದುವೆಗೆ ಹೊರಟವರೂ ಈ ಕೆಲಸಕ್ಕೆ ಹಿಂಜರಿಯುತ್ತಿರಲಿಲ್ಲ.

ಮೈಸೂರಿನ ಯೆಜ್ಡಿ ಇನ್ನೊಂದು ತರಹ. ಐಡ್ಲಿಂಗ್‌ನಲ್ಲಿ ಅದು ತಾಳ ತಪ್ಪಿಸಿ ಹೊಡೆಯೋದು, ಡಬ್... ಡಬ್ ಡಬ್... ಡಬ್. ಅದು ಕಾಯಿಲೆ ಅಲ್ಲವೇ ಅಲ್ಲ. ಟೂ-ಸ್ಟ್ರೋಕಿನಲ್ಲಿ ಆಕ್ಸಿಲರೇಟರ್ ಮುಚ್ಚಿದಾಗ ಸುಟ್ಟ ಹೊಗೆ ಪೂರ್ತಿ ಹೊರಗೆ ಹೋಗೋದಿಲ್ಲ, ಹೊಸ ಗಾಳಿ ಸಾಕಷ್ಟು ಸೇರೋವರೆಗೂ ಒಂದೆರಡು ಸಲ ಹೊತ್ತಿಕೊಳ್ಳೋದಿಲ್ಲ, ಅಷ್ಟೇ. ಕೊಡಗಿನ ತೋಟದವರು ಆ ಸದ್ದು ಕೇಳೋಕೇ ಬೈಕು ಓಡಿಸದೆ ಸ್ಟಾರ್ಟ್ ಮಾಡಿಟ್ಟುಕೊಂಡು ನಿಲ್ಲೋದನ್ನ ನಾನು ನೋಡಿದ್ದೇನೆ. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ತಾಳ ಗುರುತು ಹಿಡಿಯೋ ಕಿವಿಗಳು ಇನ್ನೂ ಇವೆ. ಮಿಸ್ಸಿಂಗ್ ಹುಡುಕೋಕೆ ಮುಂಚೆ ಆ ಗಾಡಿಯ ಸಹಜ ಸದ್ದು ಯಾವುದು ಅಂತ ಗೊತ್ತಿರಬೇಕು ಅನ್ನೋದಕ್ಕೆ ಹೇಳಿದೆ.

ಎಲ್ಲಿದ್ದೆವು? ಹಾಂ, ಮೇಷ್ಟ್ರ ಕಾರು.

ಈಗಿನ ಗಾಡಿಗೆ ಮಿಸ್ ಆಗಿದ್ದು ತನಗೇ ತಿಳಿಯುತ್ತೆ, ಅದೊಂದು ಚೆಂದದ ಸಂಗತಿ. ಒಂದೊಂದು ಸಿಲಿಂಡರ್ ಹೊತ್ತಿಕೊಂಡಾಗಲೂ ಕ್ರ್ಯಾಂಕ್ ಒಂದು ಎಳೆ ಮುಂದಕ್ಕೆ ಚಿಮ್ಮುತ್ತಲ್ಲ, ಆ ಚಿಮ್ಮುವಿಕೆಯನ್ನ ಒಂದು ಸೆನ್ಸರ್ ಅಳೀತಾ ಕೂತಿರುತ್ತೆ. ಎಂಜಿನ್ 3000 ಸುತ್ತಿನಲ್ಲಿದ್ದರೆ ಒಂದು ಸಿಲಿಂಡರ್ ಸೆಕೆಂಡಿಗೆ 25 ಸಲ ಹೊತ್ತಿಕೊಳ್ಳಬೇಕು, ನಾಲ್ಕೂ ಸೇರಿ 100. ಅದರಲ್ಲಿ ಒಂದು ಚಿಮ್ಮದೆ ಹೋದರೂ ಕ್ರ್ಯಾಂಕ್ ಅಷ್ಟು ಹೊತ್ತು ಮಂದವಾಗುತ್ತೆ, ಯಾರ ಸರದಿಯಲ್ಲಿ ಮಂದವಾಯಿತು ಅಂತ ಕಂಪ್ಯೂಟರ್ ಬರೆದಿಡುತ್ತೆ. 2013ರಿಂದ ಬಿಎಸ್-4 ಕಾರುಗಳಲ್ಲಿ ಈ ಪಹರೆ ಕಡ್ಡಾಯವಾಯಿತು. ಪಿ0301 ಅಂದರೆ ಮೊದಲನೇ ಸಿಲಿಂಡರ್, ಪಿ0302 ಎರಡನೇದು, ಹೀಗೆ. ಪಿ0300 ಅಂದರೆ ಒಂದು ಕಡೆ ನಿಲ್ಲದೆ ಅಲ್ಲಿ ಇಲ್ಲಿ ಮಿಸ್ ಆಗ್ತಿದೆ ಅಂತ. ಅಷ್ಟು ಸೂಕ್ಷ್ಮ ಅಳತೆ ಆದ್ದರಿಂದ ಗುಂಡಿಬಿದ್ದ ರಸ್ತೆಯಲ್ಲಿ ಚಕ್ರ ಕುಣಿದರೂ ಅದಕ್ಕೆ ಮಿಸ್ಸಿಂಗ್ ಥರ ಕಾಣಿಸಬಹುದು. ಅದಕ್ಕೇ ಕೆಲವು ಕಾರುಗಳು ಎಬಿಎಸ್ ಸೆನ್ಸರಿನಿಂದ ಚಕ್ರದ ಕುಣಿತ ನೋಡಿ, ರಸ್ತೆ ಕೆಟ್ಟಿದ್ದಾಗ ಮಿಸ್ಸಿಂಗ್ ಲೆಕ್ಕ ನಿಲ್ಲಿಸಿಬಿಡುತ್ತವೆ. ನಮ್ಮ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅವಕ್ಕೆ ಲೆಕ್ಕ ಬರೆಯೋಕೆ ಪುರುಸೊತ್ತು ಸಿಗೋದೇ ಕಷ್ಟ, ಅಲ್ವಾ?

ಮೇಷ್ಟ್ರ ಕಾರು ಬರೆದಿಟ್ಟಿದ್ದು ಪಿ0303. ಪೇಟೆಯ ಗ್ಯಾರೇಜಿನವರು ನಾಲ್ಕೂ ಪ್ಲಗ್ ಹೊಸದು ಹಾಕಿದರು. ಗಾಡಿ ಹೂವಿನ ಹಾಗೆ ಓಡಿತು, ಸ್ವಲ್ಪ ದಿನ. ಮತ್ತೆ ಶುರು. ಹಾಗಾದರೆ ಕಾಯಿಲ್ ಅಂದರು, ಮೂರನೇದಕ್ಕೆ ಹೊಸ ಕಾಯಿಲ್ ಬಂತು. ಮತ್ತೆ ಕೆಲವು ದಿನ ಸುಖ, ಮತ್ತೆ ಅದೇ ಏರಿನಲ್ಲಿ ಅದೇ ಜರ್ಕು. ಇಂಜೆಕ್ಟರ್ ತೊಳೆದರು, ಏನೂ ಆಗಲಿಲ್ಲ. ಕೊನೆಗೆ ಮೂರನೇದರ ಕಾಯಿಲನ್ನ ಮೊದಲನೇದಕ್ಕೂ ಮೊದಲನೇದನ್ನ ಮೂರಕ್ಕೂ ಬದಲಾಯಿಸಿ ನೋಡಿದರು. ಇದು ಒಳ್ಳೇ ಪರೀಕ್ಷೆ, ಕಾಯಿಲ್ ಜೊತೆ ಕಾಯಿಲೆಯೂ ಹೋದರೆ ಕಾಯಿಲ್ಲೇ ತಪ್ಪಿತಸ್ಥ, ಅಲ್ಲೇ ಉಳಿದರೆ ಕಾಯಿಲ್ ಬಚಾವ್. ಆದರೆ ಇಲ್ಲಿ ಆಗಿದ್ದೇನು ಗೊತ್ತಾ? ಕಾಯಿಲೆ ಹೋಗಿಯೂ ಹೋಯಿತು, ಉಳಿದೂ ಉಳಿಯಿತು! ಈಗ ಮೊದಲನೇದೂ ಮಿಸ್, ಮೂರನೇದೂ ಮಿಸ್, ಸ್ಕ್ಯಾನರಿನಲ್ಲಿ ಪಿ0300. ಹೆಡ್ ಬಿಚ್ಚಬೇಕು, ಇಲ್ಲಾಂದರೆ ಕಂಪ್ಯೂಟರೇ ಬದಲಾಯಿಸಬೇಕು ಅನ್ನೋ ಮಾತು ಬಂತು. ಮೇಷ್ಟ್ರ ಪೆನ್ಷನ್ನಿಗೆ ಕತ್ತರಿ ಬೀಳೋ ಮಾತು.

ಮೇಷ್ಟ್ರು ಅಲ್ಲಿಂದ ಗಾಡಿ ತಂದು ಸಾಹೇಬ್ರ ಮಗನ ಹತ್ತಿರ ನಿಲ್ಲಿಸಿದರು. ಜೊತೆಗೆ ಒಂದು ನೂರು ಪುಟದ ನೋಟ್ ಪುಸ್ತಕ. ಮೂವತ್ತು ಚಿಲ್ಲರೆ ವರ್ಷ ಹಾಜರಿ ಹಾಕಿದ ಕೈ, ಸುಮ್ಮನಿರುತ್ತಾ? ಗಾಡಿ ಎಲ್ಲೆಲ್ಲಿ ಮಿಸ್ ಆಯಿತು ಅಂತ ತಾರೀಕು ಸಮೇತ ಬರೆದಿಟ್ಟಿದ್ದರು. ಏರಿನಲ್ಲಿ ಮೂರನೇ ಗೇರು, ಮಿಸ್. ಅದೇ ಏರು ಎರಡನೇ ಗೇರಿನಲ್ಲಿ, ಇಲ್ಲ. ಎಸಿ ಹಾಕಿದಾಗ ಜಾಸ್ತಿ. ತಣ್ಣಗಿರಲಿ ಬಿಸಿಯಿರಲಿ ವ್ಯತ್ಯಾಸ ಇಲ್ಲ. ಉಡುಪಿಯ ಮಗಳ ಮನೆಗೆ ಘಾಟಿ ಇಳಿಯುವಾಗ ಸುಮ್ಮನೆ, ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಆ 14 ತಿರುವಿನಲ್ಲೂ ಒದ್ದಾಟ. ಗ್ಯಾರೇಜಿನಲ್ಲಿ ನಿಂತಾಗ ಒಮ್ಮೆಯೂ ಇಲ್ಲ.

ಅದನ್ನ ಓದಿ ಹುಡುಗ ಅರ್ಧ ತೀರ್ಪು ಕೊಟ್ಟೇಬಿಟ್ಟನಂತೆ, ಇದು ಕರೆಂಟಿನ ಕಾಯಿಲೆ ಅಂತ. ಯಾಕೆ ಅಂದರೆ, ಭಾರ ಬಿದ್ದಾಗ ಸಿಲಿಂಡರಿಗೆ ಗಾಳಿ ಪೆಟ್ರೋಲ್ ತುಂಬಿ ಒತ್ತಡ ಹೆಚ್ಚುತ್ತೆ. ಆ ಒತ್ತಡದಲ್ಲಿ ಪ್ಲಗ್ಗಿನ ಸಂದಿ ಹಾರೋಕೆ ಕಿಡಿಗೆ ಜಾಸ್ತಿ ವೋಲ್ಟ್ ಬೇಕು. ಐಡ್ಲಿಂಗ್‌ನಲ್ಲಿ ಸುಲಭವಾಗಿ ಹಾರೋ ಕಿಡಿ, ಏರಿನಲ್ಲಿ ಬೇರೆ ಸಲೀಸು ದಾರಿ ಸಿಕ್ಕಿದರೆ ಅತ್ತ ಹೋಗಿಬಿಡುತ್ತೆ. ಗಾಳಿ ಎಲ್ಲೋ ಒಳಗೆ ಸೋರುತ್ತಿದ್ದರೆ ಇದಕ್ಕೆ ತಿರುಗಾಮುರುಗಾ, ಐಡ್ಲಿಂಗ್‌ನಲ್ಲಿ ಒದ್ದಾಟ ಜಾಸ್ತಿ, ವೇಗದಲ್ಲಿ ಕಡಿಮೆ. ಮನಸ್ಸಿನ ಸಮಾಧಾನಕ್ಕೆ ಕಂಪ್ರೆಷನ್ ಗೇಜೂ ಹಾಕಿದ. ನಾಲ್ಕೂ ಹೆಚ್ಚುಕಮ್ಮಿ ಒಂದೇ ಸಮ. ಹೆಡ್ ಬಿಚ್ಚೋ ಮಾತು ಅಲ್ಲಿಗೆ ಮುಗೀತು.

ಆಮೇಲೆ ಮೂರನೇ ಪ್ಲಗ್ಗನ್ನೂ ಕಾಯಿಲನ್ನೂ ಹೊರಗೆ ತೆಗೆದು ಬಿಸಿಲಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಪ್ಲಗ್ಗಿನ ಬಿಳೀ ಪಿಂಗಾಣಿ ಮೇಲೆ ಮೇಲಿಂದ ಕೆಳಗೆ ಸೀಸದ ಕಡ್ಡಿಯಲ್ಲಿ ಎಳೆದ ಹಾಗೆ ಒಂದು ಸಣ್ಣ ಕಪ್ಪು ಗೆರೆ! ಪ್ಲಗ್ಗಿನ ಮೇಲೆ ಟೋಪಿಯ ಹಾಗೆ ಕೂರೋ ಕಾಯಿಲಿನ ರಬ್ಬರ್ ಬೂಟನ್ನ ಅಗಲಿಸಿ ಟಾರ್ಚ್ ಬಿಟ್ಟರೆ ಒಳಗಡೆಯೂ ಅದೇ ಅಳತೆಗೆ ಅದೇ ಗೆರೆ. ಚಿಕ್ಕಪ್ಪನ ಗಾಡಿಯ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ಇರುತ್ತಿತ್ತಲ್ಲ, ಅದೇ ಇದ್ದಿಲ ಗೆರೆ. ಹೊಸ ಪ್ಲಗ್ ಹಾಕಿದಾಗ ಹಳೇ ಬೂಟಿನ ಗೆರೆ ಹೊಸ ಪಿಂಗಾಣಿಯನ್ನ ಸುಟ್ಟಿತು. ಹೊಸ ಕಾಯಿಲ್ ಹಾಕಿದಾಗ ಆ ಪಿಂಗಾಣಿಯ ಗೆರೆ ಹೊಸ ಬೂಟನ್ನ ಸುಟ್ಟಿತು. ಆ ಕಾಯಿಲನ್ನ ಮೊದಲನೇದಕ್ಕೆ ಹಾಕಿದಾಗ ಅಲ್ಲಿನ ಪ್ಲಗ್ಗಿಗೂ ಅಂಟಿತು. ಹುಚ್ಚು ಬಿಡದ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ ಅನ್ನೋ ಗಾದೆ ಇದಕ್ಕೇ ಮಾಡಿದ ಹಾಗಿದೆ, ಅಲ್ವಾ? ಎರಡನ್ನೂ ಒಂದೇ ಹೊತ್ತಿಗೆ ಬದಲಾಯಿಸಿದರೆ ಮಾತ್ರ ಬಿಡುಗಡೆ.

ಹುಡುಗ ಅಷ್ಟಕ್ಕೇ ನಿಲ್ಲಿಸಲಿಲ್ಲ, ಅದೇ ನನಗೆ ತುಂಬಾ ಹಿಡಿಸಿದ್ದು. ಮೊದಲ ಗೆರೆ ಬಿದ್ದಿದ್ದಾದರೂ ಯಾಕೆ ಅಂತ ಪ್ಲಗ್ ಕೂರೋ ಗುಂಡಿಗೆ ಬಟ್ಟೆ ಸುತ್ತಿದ ಕಡ್ಡಿ ಇಳಿಸಿದ. ಮೇಲೆ ಬಂದಾಗ ಬಟ್ಟೆ ತುಂಬಾ ಎಂಜಿನ್ ಆಯಿಲ್. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಗಟ್ಟಿಯಾಗಿ, ಪ್ಲಗ್ ಗುಂಡಿ ಸುತ್ತ ಇರೋ ರಬ್ಬರ್ ಉಂಗುರದ ಸಂದಿಯಿಂದ ಆಯಿಲ್ ಒಸರುತ್ತಿತ್ತು. ಆಯಿಲಿನಲ್ಲಿ ನೆಂದ ಬೂಟು ಉಬ್ಬಿ ಮೆತ್ತಗಾಗಿ ಪಿಂಗಾಣಿಯನ್ನ ಬಿಗಿಯಾಗಿ ಹಿಡಿಯೋದು ಬಿಟ್ಟಿತ್ತು. ಕಿಡಿಗೆ ಕಳ್ಳದಾರಿ ಅಲ್ಲಿ ತೆರೀತು. ಕೊನೆಗೆ ಹಾಕಿದ್ದು ಪ್ಯಾಕಿಂಗ್, ಎರಡು ಪ್ಲಗ್, ಎರಡು ರಬ್ಬರ್ ಬೂಟು. ಕಾಯಿಲ್ಲುಗಳು ಒಳಗೆ ಚೆನ್ನಾಗೇ ಇದ್ದವು, ಅವನ್ನೇ ಉಳಿಸಿಕೊಂಡ. ಗುಂಡಿ ಒರೆಸಿ ಒಣಗಿಸಿ, ಪ್ಲಗ್ಗನ್ನ ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಯ ಬಿಗಿ ಮಾತ್ರ ಸ್ಪ್ಯಾನರಿನಲ್ಲಿ ಕೊಟ್ಟ. ಹೊಸ ಪ್ಲಗ್ ಕೈಜಾರಿ ನೆಲಕ್ಕೆ ಬಿದ್ದರೆ ಅದನ್ನ ಹಾಕಲೇಬಾರದು ಅಂತಾನಂತೆ ಅವನು, ಪಿಂಗಾಣಿ ಕಣ್ಣಿಗೆ ಕಾಣದ ಹಾಗೆ ಸೀಳಿರುತ್ತೆ. ಅಪ್ಪನ ಮಗನೇ ಸರಿ.

ನಮ್ಮ ಪೇಟೆ ಗ್ಯಾರೇಜಿನವರನ್ನ ಬೈಯೋಕೆ ನನಗೆ ಮನಸ್ಸಿಲ್ಲ, ದಿನಕ್ಕೆ ಅಷ್ಟು ಗಾಡಿ ಬರುತ್ತೆ ಅವರಿಗೆ. ಆದರೆ ಅವರು ತೆಗೆದ ಹಳೇ ಪ್ಲಗ್ಗುಗಳನ್ನ ಒಬ್ಬರಾದರೂ ಕಣ್ಣೆತ್ತಿ ನೋಡಿದ್ದರೆ ಮೊದಲನೇ ದಿನವೇ ಆ ಗೆರೆ ಸಿಗುತ್ತಿತ್ತು. ನೇರ ಕಸದ ಡಬ್ಬಕ್ಕೆ ಹೋದವು. ಸ್ಕ್ಯಾನರ್ ಹೇಳೋದು ಯಾವ ಸಿಲಿಂಡರ್ ಅಂತ ಮಾತ್ರ. ಯಾಕೆ ಅಂತ ಹೇಳೋದು ಆ ಪ್ಲಗ್ಗು, ಮತ್ತೆ ಮೇಷ್ಟ್ರ ಥರ ಬರೆದಿಟ್ಟ ಪುಸ್ತಕ.

ನಿಮ್ಮ ಗಾಡಿಗೂ ಒಂದು ಮಾತು ಹೇಳಿಬಿಡ್ತೀನಿ. ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಜರ್ಕಿನ ಜೊತೆ ಅದು ಮಿಣುಕೋಕೆ ಶುರು ಮಾಡಿದರೆ ತಕ್ಷಣ ಆಕ್ಸಿಲರೇಟರ್ ಬಿಡಿ, ಗಾಡಿ ಪಕ್ಕಕ್ಕೆ ಹಾಕಿ. ಹೊತ್ತಿಕೊಳ್ಳದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತೆ, ಅದರ ಒಳಗಿನ ಜೇನುಗೂಡೇ ಕರಗಿಹೋಗುತ್ತೆ. ಆ ಖರ್ಚಿನ ಮುಂದೆ ಕಾಯಿಲ್ ಖರ್ಚು ಏನೇನೂ ಅಲ್ಲ. ಹಾಗೇ ಮುಂದಿನ ಸಲ ಸರ್ವಿಸಿಗೆ ಬಿಟ್ಟಾಗ, ಬಿಚ್ಚಿದ ಪ್ಲಗ್ಗುಗಳ ಮೇಲೆ ಯಾವುದು ಎಷ್ಟನೇ ಸಿಲಿಂಡರಿನದು ಅಂತ ನಂಬರ್ ಬರೆದು ನಿಮ್ಮ ಕೈಗೇ ಕೊಡೋಕೆ ಹೇಳಿ, ಮರೀಬೇಡಿ.